ಓದು ಬಾರದವರು ಬೇಕಾಗಿದ್ದಾರೆ

ಅಕ್ಷರ ಮಾರಿಯೇ ಹೊಟ್ಟೆ ಹೊರೆಯುವ ಜಾಗದಲ್ಲಿ ಅಕ್ಷರ ಬಾರದವನಿಗೆ ಮಾತ್ರ ಕೆಲಸ ಎಂದರೆ ನಿಮಗೆ ನಗು ಬರುತ್ತದೆ. ನಗಿ, ಯಾರು ಬೇಡ ಎಂದರು? ಮಸಿಯಣ್ಣನೂ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಕ್ಕವನೇ. ಅದೊಂದು ಪ್ರೆಸ್ಸು. ವರ್ಷದ ಬಹುಪಾಲು ಅಲ್ಲಿ ಮದುವೆಯ ಕರೆಯೋಲೆ, ಔಷಧದ ಡಬ್ಬಿಗೆ ಅಂಟಿಸುವ ಚೀಟಿ, ಅಂಗಡಿಗಳ ರಸೀದಿ ಅಚ್ಚಾಗುತ್ತಿದ್ದವು. ಪರೀಕ್ಷೆಯ ಕಾಲ ಹತ್ತಿರ ಬಂತೆಂದರೆ ಮಾತ್ರ ಹಿಂದಿನ ದೊಡ್ಡ ಕೋಣೆಯ ಕಬ್ಬಿಣದ ಬಾಗಿಲು ಮುಚ್ಚುತ್ತಿತ್ತು, ಒಳಗೆ ಪ್ರಶ್ನೆಪತ್ರಿಕೆ ಅಚ್ಚಾಗುತ್ತಿತ್ತು. ಆ ಕೋಣೆಯಲ್ಲಿ ಮೆಷಿನ್ನಿನ ಪಕ್ಕ ನಿಲ್ಲುವವರಿಗೆ ಓದು ಬರಕೂಡದು. ಓದು ಬರುವವನು ಪ್ರಶ್ನೆ ಕದಿಯುತ್ತಾನೆ, ಬಾರದವನು ಏನು ಕದ್ದಾನು ಎಂಬುದು ಮಾಲೀಕರ ಲೆಕ್ಕ. ಕರಡು ತಿದ್ದುವ ಒಬ್ಬಿಬ್ಬರು ಓದುಬಲ್ಲವರು ಒಳಗಿರಲೇಬೇಕಾಗುತ್ತಿತ್ತು. ಪಾಪ, ಅವರನ್ನು ಪರೀಕ್ಷೆ ಮುಗಿಯುವವರೆಗೂ ಹೊರಗೇ ಬಿಡುತ್ತಿರಲಿಲ್ಲ. ಮಸಿಯಣ್ಣನಂಥವರನ್ನು ಅಚ್ಚು ಮುಗಿದ ಮರುದಿನವೇ ಜೇಬು ತಡವಿ ಮನೆಗೆ ಕಳಿಸುತ್ತಿದ್ದರು. ನಿಮ್ಮ ಮಕ್ಕಳು ಈ ಸಲ ಪರೀಕ್ಷೆ ಬರೆಯುತ್ತಾರಾ ಎಂದು ಓದುಬಲ್ಲವರನ್ನು ಕೇಳುತ್ತಿದ್ದರು, ಇವರನ್ನು ಕೇಳುತ್ತಲೂ ಇರಲಿಲ್ಲ.

ಇಂಥ ಕೆಲಸಕ್ಕೆ ಪೇಪರಿನಲ್ಲಿ ಜಾಹೀರಾತು ಕೊಡುವ ಹಾಗೂ ಇಲ್ಲ ನೋಡಿ. ಓದು ಬಾರದವರು ಬೇಕಾಗಿದ್ದಾರೆ ಎಂದು ಹಾಕಿಸಿದರೆ, ಅದನ್ನು ಓದಿಕೊಂಡು ಬಂದವನನ್ನು ಬಾಗಿಲಿನಿಂದಲೇ ಅಟ್ಟಬೇಕಾಗುತ್ತದೆ. ಹಾಗಾಗಿ ಸುದ್ದಿ ಬಾಯಿಂದ ಬಾಯಿಗೇ ಹೋಗುತ್ತಿತ್ತು. ಬೇರೆ ಎಲ್ಲ ಕಡೆ, ಬ್ಯಾಂಕಿನ ಕಿಟಕಿಯಲ್ಲಿ, ಆಸ್ಪತ್ರೆಯಲ್ಲಿ ಚೀಟಿ ಬರೆಸುವ ಕಡೆ, "ಏಯ್ ಹೆಬ್ಬೆಟ್ಟು, ಆ ಕಡೆ ನಿಲ್ಲು" ಎನ್ನಿಸಿಕೊಳ್ಳುವ ಮನುಷ್ಯ ಇಲ್ಲಿ ಒಬ್ಬ ನಂಬಿಕಸ್ಥ. ಅವನ ನಿಜವಾದ ಹೆಸರು ಸಂಬಳದ ದಿನ ಮಾತ್ರ ಕೇಳಿಸುತ್ತಿತ್ತು. ಉಳಿದಂತೆ ಅವನು ಮಸಿಯಣ್ಣ. ಸೀಮೆಎಣ್ಣೆಯಲ್ಲಿ ಉಜ್ಜಿ, ಸೋಪಿನಲ್ಲಿ ತಿಕ್ಕಿದರೂ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. "ಹೆಣ್ಣು ನೋಡೋಕೆ ಬಂದಾಗ ಇವರ ಕೈ ನೋಡಿ ನಮ್ಮಮ್ಮ ಏನೋ ರೋಗ ಇರ್ಬೇಕು ಅಂತ ಹೆದರಿದ್ದಳು" ಎಂದು ಅವನ ಹೆಂಡತಿ ಬೀದಿಯವರಿಗೆಲ್ಲ ಹೇಳಿ ನಗಿಸುತ್ತಿದ್ದಳು.

ಅವನ ಕೆಲಸ ಮೆಷಿನ್ನಿನ ಕೊನೆಯಲ್ಲಿ. ಹಾಳೆ ಬಂದು ಬೀಳುತ್ತಿದ್ದಂತೆ ನಡುನಡುವೆ ಒಂದನ್ನೆತ್ತಿ ದೀಪದ ಕೆಳಗೆ ಹಿಡಿಯಬೇಕು. ಎಲ್ಲಾದರೂ ಮಸಿ ಹರಡಿದೆಯೇ, ಎಲ್ಲಾದರೂ ತೆಳುವಾಗಿದೆಯೇ ನೋಡಬೇಕು. ಕೆಟ್ಟ ಹಾಳೆ ಸುಡುವ ಚೀಲಕ್ಕೆ. ಅವನು ಹಾಳೆಯನ್ನು ನೋಡುತ್ತಿದ್ದದ್ದು ಗುಡಿಸಿದ ಅಂಗಳವನ್ನು ಗೃಹಿಣಿ ನೋಡುವ ಹಾಗೆ, ಒಂದೇ ಸಲಕ್ಕೆ, ಇಡಿಯಾಗಿ. ಸಾಸಿವೆಯಷ್ಟು ಮಸಿ ಹೆಚ್ಚಾಗಿದ್ದರೂ ಕಣ್ಣಿಗೆ ಚುಚ್ಚುತ್ತಿತ್ತು. ಅದರಲ್ಲಿ ಏನು ಬರೆದಿದೆ ಎಂಬುದು ಅವನಿಗೂ ಆ ಮೆಷಿನ್ನಿಗೂ ಒಂದೇ.

ಬಾಗಿಲು ಮುಚ್ಚುವ ಮುಂಚೆ ಪ್ರತಿವರ್ಷ ಒಂದು ತಮಾಷೆ ನಡೆಯುತ್ತಿತ್ತು. ದುಂಡು ಕನ್ನಡಕದ ಮ್ಯಾನೇಜರ್, ಹಿಂದಿನಿಂದ ಎಲ್ಲರೂ ಅವನನ್ನು ಗೂಬೆ ಎನ್ನುತ್ತಿದ್ದರು, ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಿದ್ದ. ಕೈಯಲ್ಲೊಂದು ಹಲಗೆ. ಹಲಗೆಯನ್ನು ಎದೆಗೆ ಒರಗಿಸಿ ಹಿಡಿದುಕೊಂಡು, "ಹೆಂಡ್ತಿ ಮಕ್ಕಳು ಹೇಗಿದಾರಯ್ಯಾ?" ಎಂದು ಲೋಕಾಭಿರಾಮ ಮಾತಾಡುವುದು. ಹಲಗೆಯ ಮೇಲೆ ಒಂದು ವರ್ಷ ‘ನಿನ್ನ ಪ್ಯಾಂಟಿನ ಜಿಪ್ಪು ಬಿಚ್ಚಿದೆ’ ಎಂದು ಬರೆದಿತ್ತಂತೆ. ಓದು ಬರುವುದಿಲ್ಲವೆಂದು ಆಣೆ ಮಾಡಿ ಸೇರಿದ್ದ ಒಬ್ಬ ಪುಣ್ಯಾತ್ಮನ ಕೈ ತಾನಾಗಿ ಕೆಳಗೆ ಹೋಯಿತು. ಕೆಲಸವೂ ಹೋಯಿತು. "ಓದು ಬಂದವನ ಕಣ್ಣು ಅವನ ಮಾತನ್ನೇ ಕೇಳಲ್ಲ ಕಣಯ್ಯಾ" ಎಂದು ಗೂಬೆ ವರ್ಷವಿಡೀ ಅದನ್ನೇ ಹೇಳಿ ಬೀಗುತ್ತಿದ್ದ. ಮಸಿಯಣ್ಣ ಪ್ರತಿಸಲವೂ ಕಲ್ಲುಗುಂಡಿನ ಹಾಗೆ ನಿಂತು, "ಎಲ್ಲಾ ಚೆನ್ನಾಗಿದಾರೆ ಸಾರ್" ಎಂದು ಹೇಳಿ ಪಾಸಾಗಿ ಬರುತ್ತಿದ್ದ.

ಮನೆ ಎಂದರೆ ಒಂದು ಕೋಣೆ, ಮುಂದೆ ಒಂದಿಷ್ಟು ಜಗಲಿ. ಜಗಲಿಯಲ್ಲಿ ಹೆಂಡತಿ ಮೇಜು ಹಾಕಿಕೊಂಡು ಬೀದಿಯವರ ಬಟ್ಟೆಗಳಿಗೆ ಇಸ್ತ್ರಿ ಮಾಡುತ್ತಿದ್ದಳು. ಒಬ್ಬಳೇ ಮಗಳು, ಶಾಲೆಯ ಕೊನೆಯ ವರ್ಷ. ನರ್ಸ್ ಆಗಬೇಕು ಎಂಬುದು ಅವಳ ಒಂದೇ ಹಟ. ಆ ವರ್ಷದ ಪರೀಕ್ಷೆಯಲ್ಲಿ ಚೆನ್ನಾಗಿ ಅಂಕ ಬಂದರೆ ಸೀಟು, ಇಲ್ಲದಿದ್ದರೆ ಅಮ್ಮನ ಪಕ್ಕದಲ್ಲಿ ಇನ್ನೊಂದು ಇಸ್ತ್ರಿಪೆಟ್ಟಿಗೆ. ಮನೆಯಲ್ಲಿ ಮೂವರಿಗೂ ಇದು ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ಒಂದು ಸಂಜೆ ಊಟಕ್ಕೆ ಕೂತವನು ಲೋಟದ ನೀರಿನಲ್ಲಿ ಬೆರಳದ್ದಿ ನೆಲದ ಮೇಲೆ ಏನೋ ಗೀಚುತ್ತಿದ್ದ. ಮಗಳು ಬಗ್ಗಿ ನೋಡಿದಳು.

"ಅಪ್ಪ, ಇದು ‘ಮ’ ಕಣಪ್ಪ! ಯಾರು ಹೇಳಿಕೊಟ್ಟರು?"

"ಯಾರೂ ಇಲ್ಲ. ಇದು ಬಸವನಹುಳ. ದಿನಾ ನೋಡ್ತೀನಲ್ಲ."

ಅವನು ಅಕ್ಷರಗಳಿಗೆಲ್ಲ ತನ್ನದೇ ಹೆಸರಿಟ್ಟಿದ್ದ. ಒಂದು ಬಸವನಹುಳ, ಒಂದು ಚಿಲಕ, ಒಂದು ಬಸುರಿ ಹೆಂಗಸು, ಒಂದು ಟೋಪಿ ಹಾಕಿಕೊಂಡ ಮುದುಕ. ಇಡೀ ಆಯುಷ್ಯ ಆ ಗುಂಪಿನ ನಡುವೆಯೇ ಕಳೆದು, ಒಬ್ಬರ ಜೊತೆಗೂ ಮಾತಾಡಲಾಗದೆ ಬದುಕಿದ್ದ ಮನುಷ್ಯ ಅವನು. ಮಗಳು ನಗಲಿಲ್ಲ. ಅವಳ ಕಣ್ಣು ತುಂಬಿಬಂತು. "ನಾನು ಹೇಳ್ಕೊಡ್ತೀನಿ ಅಪ್ಪ" ಎಂದಳು.

"ಬೇಡಮ್ಮಾ ತಾಯಿ. ನನ್ನ ಹೊಟ್ಟೆಪಾಡು ನಡೀತಿರೋದೇ ಓದು ಬರದೆ ಇರೋದ್ರಿಂದ."

"ಓದು ಬರುತ್ತೆ ಅಂತ ಹಣೆ ಮೇಲೆ ಬರೆದಿರುತ್ತಾ? ನೀನು ಹೇಳ್ಬೇಡ, ಅಷ್ಟೆ."

ಜಗಲಿಯಿಂದ ಹೆಂಡತಿ ಕೂಗಿದಳು, "ಕೊಡಲಿ ತಗೊಂಡು ಕಾಲ ಮೇಲೆ ಹಾಕ್ಕೊಳ್ಳೋದು ಅಂದ್ರೆ ಇದೇ! ರೀ, ಸುಮ್ನೆ ಊಟ ಮಾಡಿ." ಅವಳ ಮಾತನ್ನು ಅಪ್ಪ ಮಗಳು ಇಬ್ಬರೂ ಕೇಳಲಿಲ್ಲ. ಕೇಳಬಾರದಿತ್ತೇ? ಆಸೆ ಎಂಬುದು ಯಾರ ಮಾತು ಕೇಳಿದೆ?

ಕಲಿಯುವುದೇನು ಸುಲಭವಾಗಿರಲಿಲ್ಲ. ಅಷ್ಟು ವಯಸ್ಸಾದ ತಲೆ. ಬಸವನಹುಳವನ್ನು ಬಸವನಹುಳವಾಗಿ ನೋಡಿ ಅಭ್ಯಾಸವಾದ ಕಣ್ಣು ಅದರಲ್ಲಿ ಸದ್ದು ಕೇಳಿಸಿಕೊಳ್ಳಬೇಕಿತ್ತು. ಅವನು ಬೆರಳಿಟ್ಟು, ತುಟಿ ಅಲ್ಲಾಡಿಸಿ, ಬೆವರು ಸುರಿಸಿ ಒಂದೊಂದೇ ಅಕ್ಷರ ಎತ್ತುತ್ತಿದ್ದ. ಮೂರನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮರೆತಿರುತ್ತಿತ್ತು. "ನನ್ನ ತಲೆ ತೂತು ಬಿದ್ದ ಕೊಡ ಕಣೇ" ಎನ್ನುತ್ತಿದ್ದ. ಆಗ ಮಗಳು ಶಾಲೆಯ ಲೈಬ್ರರಿಯ ಒಂದು ದಪ್ಪ ಪುಸ್ತಕದಲ್ಲಿ ತಾನು ಓದಿದ್ದನ್ನು ಹೇಳುತ್ತಿದ್ದಳು. ಅಪ್ಪನಿಗೆ ಹೇಳುತ್ತ ಹೇಳುತ್ತ ಅವಳಿಗೂ ಪಾಠ ಗಟ್ಟಿಯಾಗುತ್ತಿತ್ತು.

"ಓದೋದಕ್ಕೆ ಅಂತ ಮೆದುಳಲ್ಲಿ ಹುಟ್ಟುವಾಗಲೇ ಜಾಗ ಇರಲ್ಲ ಅಪ್ಪ. ಮುಖ, ಸಾಮಾನು, ಗಿಡ ಮರ ಎಲ್ಲ ಗುರುತು ಹಿಡಿಯೋ ಜಾಗ ಇರುತ್ತಲ್ಲ, ಓದು ಕಲಿತರೆ ಅದರಲ್ಲೇ ಎಡಗಡೆ ಒಂದಿಷ್ಟು ಒತ್ತರಿಸಿಕೊಂಡು ಅಕ್ಷರ ಬಂದು ಕೂರುತ್ತೆ."

"ಬಾಡಿಗೆಗೆ ಬಂದವನು ಮನೆ ಹಿಡಿದ ಹಾಗೆ?"

"ಹ್ಞೂಂ. ಆಮೇಲೆ ಖಾಲಿ ಮಾಡು ಅಂದ್ರೂ ಮಾಡಲ್ಲ."

"ಮತ್ತೆ ಅಲ್ಲಿದ್ದವರು?"

"ಮುಖಗಳು ಸ್ವಲ್ಪ ಸ್ವಲ್ಪ ಬಲಗಡೆಗೆ ಸರ್ಕೊಳ್ತವೆ. ಕಣ್ಣಿನ ಜಾಗಕ್ಕೂ ಮಾತಿನ ಜಾಗಕ್ಕೂ ಒಂದು ದಾರಿ ಗಟ್ಟಿಯಾಗುತ್ತೆ. ದೊಡ್ಡವರಾದ ಮೇಲೆ ಕಲಿತರೂ ಆಗುತ್ತಂತೆ. ನಿನ್ನ ತಲೇಲಿ ಈಗ ರಸ್ತೆ ಕೆಲಸ ನಡೀತಾ ಇದೆ, ಅದಕ್ಕೇ ಈ ಗಲಾಟೆ."

ರಸ್ತೆ ಕೆಲಸ ಒಂದು ದಿನ ಮುಗಿದಿರಬೇಕು. ಕೆಲಸದಿಂದ ಬರುವಾಗ ಒಂದು ಗೇಟಿನ ಮೇಲಿನ ಅಕ್ಷರ ಅವನ ಬೆರಳಿಗೂ ಕಾಯದೆ ಮಾತಾಡಿಬಿಟ್ಟಿತು: ‘ಇಲ್ಲಿ ಗಾಡಿ ನಿಲ್ಲಿಸಬೇಡಿ’. ಅಷ್ಟೆ. ಆ ದರಿದ್ರ ಗೇಟಿನ ಮುಂದೆ ಅವನು ನಿಂತು ಅತ್ತ. ಗಾಡಿ ಇಲ್ಲದ ಮನುಷ್ಯ, ಗಾಡಿ ನಿಲ್ಲಿಸಬೇಡಿ ಎಂದು ಓದಿ ಅತ್ತ. ಮನೆಗೆ ಓಡಿಬಂದು ಹೇಳಿದಾಗ ಮಗಳು ಅವನ ಕೈ ಹಿಡಿದು ಕೋಣೆಯೊಳಗೆ ಕುಣಿದಳು. ಹೆಂಡತಿ ಕೂಡ, ಬೈಯುತ್ತಲೇ, ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಮೇಲೆ ಶುರುವಾಯಿತು ನೋಡಿ ಪೀಕಲಾಟ. ದಾರಿಯ ಬೋರ್ಡುಗಳಲ್ಲಿ ಸಣ್ಣಪುಟ್ಟ ಮಾತುಗಳು ಕೇಳದೆಯೇ ಬಾಯಿಗೆ ಬರತೊಡಗಿದವು. ಒಂದು ದಿನ ಪಕ್ಕದ ಮನೆಯ ಅಜ್ಜಿ ಎದುರಿಗೆ ಬಂದಳು. ಇವನು ಅವಳ ಕೈಚೀಲದ ಮೇಲಿನ ಅಕ್ಷರ ಕೂಡಿಸುತ್ತ ಮುಖವನ್ನೇ ನೋಡದೆ ದಾಟಿಹೋದ. "ಮಾತಾಡಿಸದೆ ಹೋದನಲ್ಲೇ ನಿನ್ನ ಗಂಡ, ಎಷ್ಟು ಕೊಬ್ಬು!" ಎಂದು ಅಜ್ಜಿ ಜಗಲಿಗೇ ಬಂದು ಜಗಳ ತೆಗೆದಳು. ಮಗಳಿಗೆ ನಗು ತಡೆಯಲಾಗಲಿಲ್ಲ. ಅಕ್ಷರ ಮೊದಲು ಹೇಗೆ ಕಾಣುತ್ತಿತ್ತು ಎಂದು ಅವನು ನೆನಪಿಸಿಕೊಳ್ಳಲು ಹೋದರೆ ಆ ಹಳೆಯ ಬಸವನಹುಳ, ಟೋಪಿಯ ಮುದುಕ ಯಾರೂ ಸಿಗುತ್ತಿರಲಿಲ್ಲ. ಅದು ಮಾತ್ರ ಅವನಿಗೆ ಒಂಚೂರು ಬೇಜಾರಾಯಿತು.

ಪರೀಕ್ಷೆಯ ಕಾಲ ಹತ್ತಿರವಾಯಿತು. "ಗೂಬೆಗೆ ನಿಜ ಹೇಳಿಬಿಡ್ತೀನಿ ಕಣೇ. ಈ ಸಲ ಮಗಳೇ ಬರೀತಾಳೆ. ಹೊರಗಿನ ಕೆಲಸ ಕೊಡಿ ಅಂತ ಕೇಳ್ತೀನಿ" ಎಂದ ಮಸಿಯಣ್ಣ, ಹೆಂಡತಿಗೆ.

"ನಿಮಗೆ ತಲೆ ನೆಟ್ಟಗಿದೆಯಾ? ಹೊರಗಿನ ಕೆಲಸ ಅಲ್ಲ, ಹೊರಗೇ ಹಾಕ್ತಾರೆ. ಮಗಳು ಪರೀಕ್ಷೆಗೆ ಕೂರೋ ಹೊತ್ತಲ್ಲಿ ಅಪ್ಪ ಬೀದೀಲಿ ನಿಂತಿರಬೇಕಾ? ಬಾಯಿ ಮುಚ್ಕೊಂಡು ಹೋಗಿ, ಬಾಯಿ ಮುಚ್ಕೊಂಡು ಬನ್ನಿ."

ಅವನು ಹಾಗೇ ಮಾಡಿದ. ಗೂಬೆ ಹಲಗೆ ಹಿಡಿದು ಮಾತಾಡಿಸುವಾಗ ಇವನು ಅವನ ಕಿವಿಯಿಂದ ಹೊರಗೆ ಬಂದಿದ್ದ ಕೂದಲನ್ನೇ ದಿಟ್ಟಿಸುತ್ತ ನಿಂತ. ಹಲಗೆಯ ಮೇಲೆ ಏನಿತ್ತೋ ದೇವರಿಗೇ ಗೊತ್ತು. "ಹೋಗು ಒಳಗೆ" ಎಂದ ಗೂಬೆ. ಆ ಪ್ರೆಸ್ಸಿಗೆ ಮಸಿಯಣ್ಣ ಮಾಡಿದ ಮೊದಲ ಮೋಸ ಅದು.

ಒಳಗೆ ಮೆಷಿನ್ ಶುರುವಾಯಿತು. ನೋಡುವುದಿಲ್ಲ, ನೋಡಿದರೂ ಓದುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಮಾಡಿಕೊಂಡಿದ್ದ. ಆದರೆ ಒಂದೇ ಹಾಳೆ ಮುಖದ ಮುಂದೆ ಮತ್ತೆ ಮತ್ತೆ ಬಂದು ಬೀಳುತ್ತಿದ್ದರೆ ಕಣ್ಣಿಗೆ ಎಲ್ಲಿಗೆ ಹೋಗು ಎನ್ನುತ್ತೀರಿ? ಬೆಳಿಗ್ಗೆ ಒಂದು ‘ಮೆ’ ಸಿಕ್ಕಿತು. ಸ್ವಲ್ಪ ಹೊತ್ತಿಗೆ ಅದರ ಪಕ್ಕದ ‘ದು’. ಅವನು ಮೇಲೆ ದೀಪ ನೋಡಿದ, ಗೋಡೆ ನೋಡಿದ, ತುಟಿ ಕಚ್ಚಿಕೊಂಡ. ಮಧ್ಯಾಹ್ನದ ಊಟದ ಗಂಟೆ ಹೊಡೆಯುವ ಹೊತ್ತಿಗೆ ಇಡೀ ಸಾಲು ತಲೆಯಲ್ಲಿ ನಿಂತುಬಿಟ್ಟಿತ್ತು: ‘ಮನುಷ್ಯನ ಮೆದುಳಿನ ಚಿತ್ರ ಬಿಡಿಸಿ, ಅದರ ಭಾಗಗಳ ಕೆಲಸವನ್ನು ವಿವರಿಸಿ.’ ಜೀವಶಾಸ್ತ್ರದ ಕೊನೆಯ ದೊಡ್ಡ ಪ್ರಶ್ನೆ.

ಇನ್ನೊಂದು ಅನಾಹುತ ಅವನ ಗಮನಕ್ಕೇ ಬಂದಿರಲಿಲ್ಲ. ಸಂಜೆ ಹಾಳೆ ಕತ್ತರಿಸುವವನು ಒಂದು ಕಟ್ಟನ್ನು ಹೊತ್ತು ತಂದು ಮುಂದೆ ಎಸೆದ. "ಏನಣ್ಣಾ, ಕಣ್ಣು ಮನೇಲಿಟ್ಟು ಬಂದಿದ್ಯಾ?" ಹಾಳೆಹಾಳೆಯ ಮೂಲೆಯಲ್ಲೂ ಮಸಿ ಹರಡಿತ್ತು, ಅಂಗೈ ಅಗಲ. ಹಿಂದೆಲ್ಲ ಸಾಸಿವೆ ಕಾಣುತ್ತಿದ್ದವನಿಗೆ ಇದು ಕಂಡಿರಲಿಲ್ಲ. ಕಣ್ಣು ಸಾಲಿನ ಹಿಂದೆ ಹೋಗಿತ್ತು, ಹಾಳೆಯನ್ನು ಬಿಟ್ಟು. ಗೂಬೆ ಬಂದು ಕಟ್ಟನ್ನು ಒಮ್ಮೆ, ಇವನನ್ನು ಒಮ್ಮೆ ನೋಡಿ, "ವಯಸ್ಸಾಯ್ತಯ್ಯಾ ನಿನಗೆ, ಕನ್ನಡಕ ಮಾಡಿಸ್ಕೋ" ಎಂದು ಹೋದ.

ಮನೆಗೆ ಬಂದ ಮೇಲೆ ಪರೀಕ್ಷೆಗೆ ಇನ್ನೂ ದಿನಗಳಿದ್ದವು. ಆ ದಿನಗಳನ್ನು ಅವನು ಹೇಗೆ ಕಳೆದನೋ! ಬಾಯಿ ತೆರೆದರೆ ಎಲ್ಲಿ ಜಾರುತ್ತದೋ ಎಂದು ಮಗಳ ಜೊತೆ ಮಾತೇ ನಿಲ್ಲಿಸಿದ. ಪಾಠಕ್ಕೆ ಕರೆದರೆ "ಸುಸ್ತು" ಎಂದು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ಅವಳ ಮುಖ ಸಣ್ಣದಾಗುವುದು ಬೆನ್ನಿಗೇ ಗೊತ್ತಾಗುತ್ತಿತ್ತು. ಒಂದು ಸಂಜೆ ಅವಳು ಅಮ್ಮನಿಗೆ ಹೇಳುವುದು ಕೇಳಿಸಿತು, "ಅಪ್ಪನಿಗೆ ನನ್ನ ಹತ್ರ ಕಲಿಯೋದು ಸಾಕಾಗಿದೆ ಅನ್ಸುತ್ತೆ." ಎದ್ದು ಹೋಗಿ ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಹೊದಿಕೆಯನ್ನು ಬಾಯಿಗೆ ತುರುಕಿಕೊಂಡು ಮಲಗಿದ.

ಜೀವಶಾಸ್ತ್ರದ ಪರೀಕ್ಷೆಯ ಹಿಂದಿನ ಸಂಜೆ ಅವಳೇ ಬಂದು ಪಕ್ಕದಲ್ಲಿ ಕೂತಳು. "ಅಪ್ಪ, ಹೃದಯ, ಶ್ವಾಸಕೋಶ ಇನ್ನೊಂದು ಸಲ ನೋಡ್ಕೋಬೇಕು. ಮೆದುಳಿನ ಪಾಠ ಮಾತ್ರ ಓದೋದೇ ಬೇಡ. ನಿನಗೆ ಹೇಳಿ ಹೇಳಿ ಬಾಯಿಗೇ ಬಂದುಬಿಟ್ಟಿದೆ." ಮಸಿಯಣ್ಣನಿಗೆ ಎದೆಯ ಮೇಲಿಂದ ಬಂಡೆ ಇಳಿದ ಹಾಗಾಯಿತು. ತಾನು ಏನೂ ಹೇಳಬೇಕಾಗಿಲ್ಲ. ಅವಳಿಗೆ ಬರುತ್ತದೆ. ಅವಳ ತಲೆಯ ಮೇಲೆ ಕೈ ಇಟ್ಟು, "ಚೆನ್ನಾಗಿ ಬರಿ ಮಗಳೇ" ಎಂದ, ಅಷ್ಟೆ. ಬೇರೆ ಒಂದಕ್ಷರ ಅವನ ಬಾಯಿಂದ ಬರಲಿಲ್ಲ. ಇದನ್ನು ನಾನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಆಮೇಲೆ ಯಾರೂ ನಂಬಲಿಲ್ಲ.

ಅವಳು ಬರೆದಳು. ಮೆದುಳಿನ ಪ್ರಶ್ನೆಗೆ ಚಿತ್ರ ಬಿಡಿಸಿ, ಪಾಠದಲ್ಲಿದ್ದದ್ದನ್ನೆಲ್ಲ ಹೇಳಿ, ಅಷ್ಟಕ್ಕೇ ನಿಲ್ಲಿಸದೆ, ಓದು ಕಲಿತವರ ತಲೆಯಲ್ಲಿ ಅಕ್ಷರ ಎಲ್ಲಿ ಕೂರುತ್ತದೆ, ಮುಖಗಳು ಎಲ್ಲಿಗೆ ಸರಿಯುತ್ತವೆ, ದೊಡ್ಡವರು ಕಲಿತರೆ ಏನಾಗುತ್ತದೆ ಎಂದು ಪುಟಗಟ್ಟಲೆ ತುಂಬಿಸಿ ಬಂದಳು. ಮನೆಗೆ ಬಂದವಳ ಮುಖ ಹೊಳೆಯುತ್ತಿತ್ತು. "ಸೀಟು ಸಿಕ್ಕೇ ಸಿಗುತ್ತೆ ಅಮ್ಮಾ!"

ವಾರ ಕಳೆಯುವಷ್ಟರಲ್ಲಿ ಊರೆಲ್ಲ ಗುಲ್ಲೆದ್ದಿತು: ಪ್ರಶ್ನೆಪತ್ರಿಕೆ ಸೋರಿದೆಯಂತೆ, ಜೀವಶಾಸ್ತ್ರದ್ದೇ ಅಂತೆ. ತನಿಖೆ ಶುರುವಾಯಿತು. ಪ್ರೆಸ್ಸಿನಲ್ಲಿ ಯಾರ ಮಕ್ಕಳು ಪರೀಕ್ಷೆ ಬರೆದಿದ್ದಾರೆ ಎಂದು ಹುಡುಕಿದರೆ ಒಬ್ಬನೇ ಸಿಕ್ಕಿದ. ಅವನ ಮಗಳ ಉತ್ತರಪತ್ರಿಕೆ ತೆಗೆಸಿದರು. ಶಾಲೆಯ ಹುಡುಗಿಗೆ ಇಷ್ಟೆಲ್ಲ ಗೊತ್ತಿರಬೇಕಾದರೆ ಮೊದಲೇ ಪ್ರಶ್ನೆ ಸಿಕ್ಕಿರಲೇಬೇಕು ಎಂದು ತೀರ್ಮಾನಿಸಿದರು. ಕೆಲಸದ ನಡುವೆ ಬಂದು ಮಸಿಯಣ್ಣನನ್ನು ತನಿಖೆಯ ಕಚೇರಿಗೆ ಕರೆದುಕೊಂಡು ಹೋದರು. ಮಗಳು ಮನೆಯಲ್ಲಿದ್ದಾಳೆ, ಅವಳಿಗೆ ಇದು ಯಾವುದೂ ಗೊತ್ತಾಗದಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡ.

ತನಿಖೆಗೆ ಬಂದಿದ್ದ ಅಧಿಕಾರಿ ಒಬ್ಬ ಹೆಂಗಸು. ಮೆಲುಮಾತು. ಕೂರಲು ಕುರ್ಚಿ ಕೊಟ್ಟಳು, ಕುಡಿಯಲು ನೀರು ಕೊಟ್ಟಳು. ಗೂಬೆ ಅಲ್ಲೇ ನಿಂತಿದ್ದ. "ಇವನಿಗೆ ಓದು ಬರಲ್ಲ ಮೇಡಂ, ನಾನೇ ವರ್ಷವರ್ಷ ಪರೀಕ್ಷೆ ಮಾಡಿದೀನಿ" ಎಂದು ಎದೆ ತಟ್ಟಿ ಹೇಳುತ್ತಿದ್ದ. ಮಸಿಯಣ್ಣನ ಪರವಾಗಿ ಅಲ್ಲ, ತನ್ನ ಹಲಗೆಯ ಪರವಾಗಿ.

"ಮತ್ತೆ ಆ ದಿನ ಮಸಿ ಹರಡಿದ ಹಾಳೆ ಇವರಿಗೆ ಕಾಣಲಿಲ್ಲ ಯಾಕೆ?" ಎಂದಳು ಅಧಿಕಾರಿ.

"ವಯಸ್ಸು ಮೇಡಂ."

"ಇರಬಹುದು." ಅವಳು ಒಂದು ಕಾಗದವನ್ನು ಮೇಜಿನ ಮೇಲೆ ಇಟ್ಟಳು, ಪಕ್ಕದಲ್ಲಿ ಇಂಕಿನ ಪ್ಯಾಡು. "ನೋಡಿ, ನಿಮಗೆ ಓದೋಕೆ ಬರಲ್ಲ, ಈ ವಿಷಯಕ್ಕೂ ನಿಮಗೂ ಸಂಬಂಧ ಇಲ್ಲ ಅಂತ ಇದರಲ್ಲಿ ಬರೆದಿದೀವಿ. ಕೆಳಗೆ ಒಂದು ಹೆಬ್ಬೆಟ್ಟು ಒತ್ತಿ, ಮನೆಗೆ ಹೋಗಿ. ಮಗಳ ರಿಸಲ್ಟ್ ಎಲ್ಲರ ಜೊತೆಗೇ ಬರುತ್ತೆ."

ಅವನಿಗೆ ಆ ಹೆಂಗಸಿನ ಕಾಲಿಗೆ ಬೀಳಬೇಕು ಅನ್ನಿಸಿತು. ಹೆಬ್ಬೆರಳನ್ನು ಪ್ಯಾಡಿಗೆ ಒತ್ತಿದ. ಕೆಳಗಿನ ಖಾಲಿ ಜಾಗವನ್ನೊಂದೇ ನೋಡುತ್ತ ಕೈಯನ್ನು ತಂದ. ಬೆರಳು ಕಾಗದಕ್ಕೆ ತಾಕಲು ಕೂದಲೆಳೆಯಷ್ಟು ಉಳಿದಿತ್ತು. ಆಗ ಮೇಲಿನ ಸಾಲಿನಿಂದ ‘ಮಗಳಿಗೆ’ ಎಂಬ ಮಾತು ಎದ್ದು ಬಂತು. ಅವನು ಕರೆಯಲಿಲ್ಲ, ಅದೇ ಬಂತು. ಅದರ ಹಿಂದೆಯೇ ಉಳಿದದ್ದೂ ಬಂತು, ಬೆರಳಿಲ್ಲದೆ, ತುಟಿಯಿಲ್ಲದೆ, ಒಂದೇ ಉಸಿರಿಗೆ: ‘ಇವತ್ತು ಬೆಳಿಗ್ಗೆ ನಿಮ್ಮ ಮಗಳಿಗೆ ಬಸ್ಸು ಬಡಿದಿದೆ. ಆಸ್ಪತ್ರೆಯಲ್ಲಿದ್ದಾಳೆ. ಉಳಿಯುವುದು ಕಷ್ಟ.’

ಇದು ಸುಳ್ಳು ಎಂದು ಅವನಿಗೆ ಗೊತ್ತಾಯಿತು. ಹೌದು, ಗೊತ್ತಾಯಿತು. ಗೂಬೆಯ ಹಲಗೆಯ ಮುಂದೆ ಅಷ್ಟು ವರ್ಷ ನಿಂತವನಿಗೆ ಇಂಥದ್ದು ಗೊತ್ತಾಗದೆ ಇರುತ್ತದೆಯೇ? ನೂರಕ್ಕೆ ತೊಂಬತ್ತು ಪಾಲು ಸುಳ್ಳು, ಒತ್ತು ಬೆರಳು, ಒತ್ತಿಬಿಡು, ಮಗಳ ಬದುಕು ಇದರಲ್ಲಿದೆ ಎಂದು ಒಳಗಿನಿಂದ ಯಾರೋ ಕಿರುಚುತ್ತಿದ್ದರು. ಆದರೆ ಉಳಿದ ಹತ್ತು ಪಾಲು? ಅಲ್ಲಿ ಅವಳು ರಕ್ತದಲ್ಲಿ ಬಿದ್ದು ಅಪ್ಪಾ ಎನ್ನುತ್ತಿದ್ದರೆ, ಇಲ್ಲಿ ಇವನು ನನಗೆ ಓದು ಬರುವುದಿಲ್ಲ ಎಂದು ಹೆಬ್ಬೆಟ್ಟು ಒತ್ತಿ ಕೂತಿರಬೇಕೇ? ಯಾವ ಅಪ್ಪನಿಂದ ಆಗುತ್ತದೆ ಹೇಳಿ. ಕುರ್ಚಿ ಹಿಂದಕ್ಕೆ ಬಿತ್ತು. "ನನ್ನ ಕೂಸು! ಯಾವ ಆಸ್ಪತ್ರೆ? ಯಾವ ಆಸ್ಪತ್ರೆ ಹೇಳ್ರೀ!" ಎಂದು ಕೂಗುತ್ತ ಬಾಗಿಲು ತಳ್ಳಿಕೊಂಡು ಹೊರಗೆ ಓಡಿದ.

ಹೊರಗೆ ಕಚೇರಿಯ ಉದ್ದದ ಕಾರಿಡಾರು, ಎರಡೂ ಕಡೆ ಬಾಗಿಲುಗಳು. ಆ ಕೂಗು ಕೇಳಿ ಒಂದು ಬಾಗಿಲಿನಿಂದ ಮಗಳು ಹೊರಗೆ ಬಂದಳು. ಬೆಳಗಿನಿಂದ ಅವಳನ್ನೂ ಅಲ್ಲೇ ಕೂರಿಸಿದ್ದರು. ನಿಮ್ಮ ಅಪ್ಪನಿಗೆ ಓದು ಬರುತ್ತದೆಯೇ ಎಂದು ಒಂದೇ ಪ್ರಶ್ನೆಯನ್ನು ತಿರುಗಿಸಿ ಮುರುಗಿಸಿ ಕೇಳುತ್ತಿದ್ದರು, ಅವಳು ಇಲ್ಲ ಎನ್ನುತ್ತಲೇ ಇದ್ದಳು.

"ಅಪ್ಪ?"

ಅವನು ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಕೈ ಮುಟ್ಟಿ ನೋಡಿದ, ತಲೆ ಮುಟ್ಟಿ ನೋಡಿದ. "ಇದ್ದೀಯ. ಇದ್ದೀಯಲ್ಲ ತಾಯಿ. ಇದ್ದೀಯ." ಹೆಬ್ಬೆರಳಿನ ಇಂಕು ಅವಳ ಕೆನ್ನೆಗೆ ಬಳಿದುಕೊಂಡಿತು. ಅಧಿಕಾರಿ ಕಾಗದ ಹಿಡಿದುಕೊಂಡೇ ಹಿಂದೆ ಬಂದಿದ್ದಳು. ಗೆದ್ದ ಮುಖವೇನೂ ಇರಲಿಲ್ಲ ಅವಳದು, ತಲೆ ಬಗ್ಗಿಸಿ ನಿಂತಿದ್ದಳು. ಮಗಳು ಅಪ್ಪನ ಭುಜದ ಮೇಲಿನಿಂದ ಆ ಕಾಗದ ನೋಡಿದಳು. ಅವಳ ಕಣ್ಣಿಗೆ ಎಷ್ಟು ಹೊತ್ತು ಬೇಕು?

"ಇಷ್ಟನ್ನೂ ನೀನೇ ಓದಿದ್ಯಾ ಅಪ್ಪ? ಬೆರಳಿಡದೆ?"

"ಹ್ಞೂಂ ಮಗಳೇ."

ಒಂದು ಗಳಿಗೆ ಅವಳ ಮುಖ ಅರಳಿತು. ಹೌದು, ಅರಳಿತು. ಕಲಿಸಿದವಳಲ್ಲವೇ. ಆಮೇಲೆ ಅವಳಿಗೆ ಎಲ್ಲ ಅರ್ಥವಾಯಿತು. ಅಪ್ಪನ ಎದೆಗೆ ಮುಖ ಒತ್ತಿ ಅವಳು ಅತ್ತ ಅಳು ಆ ಕಾರಿಡಾರಿನ ಬಾಗಿಲುಗಳನ್ನೆಲ್ಲ ತೆರೆಸಿತು.

ಅವಳ ಪರೀಕ್ಷೆ ರದ್ದಾಯಿತು. ಇನ್ನು ಮುಂದೆಯೂ ಕೂರುವ ಹಾಗಿಲ್ಲ ಎಂದರು. ಪತ್ರಿಕೆ ಸೋರಿದ್ದು ಬೇರೆ ಊರಿನಲ್ಲಿ, ಬೇರೆಯವರ ಕೈಯಿಂದ ಎಂದು ಆಮೇಲೆ ಗೊತ್ತಾಯಿತು. ಆದರೆ ಓದು ಬಚ್ಚಿಟ್ಟದ್ದು ಬಚ್ಚಿಟ್ಟದ್ದೇ, ಸುಳ್ಳು ಹೇಳಿದ್ದು ಹೇಳಿದ್ದೇ ಎಂದು ಕೈತೊಳೆದುಕೊಂಡರು. ಮಸಿಯಣ್ಣನ ಕೆಲಸ ಹೋಯಿತು. ಜಗಲಿಯಲ್ಲಿ ಎರಡನೇ ಮೇಜು ಬಂತು. ತಾಯಿ ಮಗಳು ಇಸ್ತ್ರಿ ಮಾಡುತ್ತಾರೆ, ಅವನು ಬಟ್ಟೆ ತರುತ್ತಾನೆ, ಕೊಂಡೊಯ್ದು ಕೊಡುತ್ತಾನೆ. ಉಗುರಿನ ಕಪ್ಪು ನಿಧಾನಕ್ಕೆ ಹೋಯಿತು. ಹೆಂಡತಿ ಒಂದು ದಿನವೂ ‘ನಾನು ಆಗಲೇ ಹೇಳಿರಲಿಲ್ಲವೇ’ ಎನ್ನಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಈಗ ಅವನಿಗೆ ಓದು ನೀರು ಕುಡಿದಷ್ಟು ಸಲೀಸು. ದಾರಿಯಲ್ಲಿ ತಲೆ ತಗ್ಗಿಸಿ ನಡೆದರೂ ನೆಲಕ್ಕೆ ಬಿದ್ದ ಚೀಟಿಗಳು ಮಾತಾಡುತ್ತವೆ. ಒಂದು ಮಧ್ಯಾಹ್ನ ಅವನು ಒಂದು ಪೆನ್ಸಿಲ್ಲು, ಬಟ್ಟೆ ಸುತ್ತುವ ಖಾಲಿ ಕಾಗದ ತಂದು ಮಗಳ ಮೇಜಿನ ಮೇಲಿಟ್ಟ.

"ಮಗಳೇ, ಆ ಮೆದುಳಿನ ಉತ್ತರ... ನಂಗೊಂದು ಸಲ ಬರ್ಕೊಡ್ತೀಯಾ? ಅವರು ಓದಿದ್ದು ಕಳ್ಳತನ ಹುಡುಕೋಕೆ. ಸುಮ್ಮನೆ ಓದೋನು ಒಬ್ಬನಾದ್ರೂ ಬೇಡ್ವಾ ಅದನ್ನ? ನಾನು ಓದ್ತೀನಿ. ನಿಧಾನಕ್ಕೆ ಓದ್ತೀನಿ."

ಅವಳು ಯಾರದೋ ಅಂಗಿಯ ಕಾಲರಿನ ಮೇಲೆ ಇಸ್ತ್ರಿ ಎಳೆಯುತ್ತಿದ್ದಳು. ಎಳೆದ ಜಾಗದಲ್ಲೇ ಇನ್ನೊಮ್ಮೆ ಎಳೆದಳು.

"ಮರೆತುಹೋಗಿದೆ ಅಪ್ಪ."

ಮರೆತಿಲ್ಲವೆಂದು ಅವನಿಗೆ ಗೊತ್ತಿತ್ತು. ಅವನಿಗೆ ಗೊತ್ತಿದೆ ಎಂದು ಅವಳಿಗೂ ಗೊತ್ತಿತ್ತು. ಅವನು ಪೆನ್ಸಿಲ್ಲನ್ನು ಜೇಬಿಗೆ ಹಾಕಿಕೊಂಡ. ಮಡಿಸಿಟ್ಟ ಬಟ್ಟೆಯ ಗಂಟನ್ನು ಹೆಗಲಿಗೇರಿಸಿ, ಮನೆಮನೆಗೆ ಕೊಟ್ಟುಬರಲು ಬೀದಿಗಿಳಿದ. ಅವಳು ಮತ್ತೆಂದೂ ಅವನ ಕಣ್ಣೆದುರು ಒಂದಕ್ಷರ ಬರೆಯಲಿಲ್ಲ.